ಹೆಣ್ಣುಮಕ್ಕಳ ಹೆಸರಿನಲ್ಲಿ ಉಳಿದ ಐರ್ಲೆಂಡ್



ತಾಯಿಯ ಹೆಸರು ನಿಲ್ಲಲಿ ಎಂದು ಮಕ್ಕಳು ಇಟ್ಟ ದತ್ತಿಯ ಉಪನ್ಯಾಸ ಇದು. ಈ ವೇದಿಕೆಯಿಂದ ಮಾತಾಡಬೇಕು ಎಂದಾಗ ಹೆಣ್ಣುಮಕ್ಕಳ ಹೆಸರುಗಳ ಬಗ್ಗೆಯೇ ಮಾತಾಡೋಣ ಅನ್ನಿಸಿತು. ನಾನು ಆರಿಸಿಕೊಂಡದ್ದು ಐರ್ಲೆಂಡಿನ ಹೆಸರುಗಳನ್ನು. ಅವುಗಳ ಅರ್ಥ ಹೇಳುವ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ನೀವ್ ಎಂದರೆ ಕಾಂತಿ, ಕೀವ ಎಂದರೆ ಚೆಲುವೆ, ಓರ್ಲ ಎಂದರೆ ಹೊನ್ನಿನ ರಾಣಿ. ಪಟ್ಟಿ ತಪ್ಪಲ್ಲ. ಆದರೆ ಮುಖ್ಯವಾದ ಒಂದು ಸಂಗತಿ ಅದರಲ್ಲಿ ಇರುವುದಿಲ್ಲ. ಇವತ್ತು ಡಬ್ಲಿನ್ನಿನ ಶಾಲೆಗಳ ಹಾಜರಿ ಪುಸ್ತಕದಲ್ಲಿ ಕಾಣುವ ಈ ಹೆಸರುಗಳಲ್ಲಿ ಬಹಳಷ್ಟು ನೂರೈವತ್ತು ವರ್ಷದ ಹಿಂದೆ ಸರ್ಕಾರಿ ದಾಖಲೆಗಳಲ್ಲಿ ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. ಅವನ್ನು ಹಟ ಹಿಡಿದು ಮರಳಿ ತಂದರು. ಹಾಗೆ ತಂದವರಲ್ಲಿ ಹೆಂಗಸರ ಪಾಲು ದೊಡ್ಡದು. ಇವತ್ತು ನಾನು ಹೇಳಬೇಕೆಂದಿರುವುದು ಆ ಕಥೆಯನ್ನು.

ಮೊದಲಿಗೆ, ಆ ದೇಶದ ಹೆಸರೇ ಒಬ್ಬ ಹೆಣ್ಣಿನದು. ಐರಿಷ್ ಭಾಷೆಯಲ್ಲಿ ಐರ್ಲೆಂಡಿಗೆ 'ಏರ' ಎನ್ನುತ್ತಾರೆ. ಹಳೆಯ ರೂಪ 'ಏರಿಯು'. 11ನೇ ಶತಮಾನದ ಹೊತ್ತಿಗೆ ಒಟ್ಟುಗೂಡಿದ 'ಲೆಬರ್ ಗಬಾಲ' ಎಂಬ ಪುರಾಣಗ್ರಂಥದ ಪ್ರಕಾರ ಹೊಸಬರು ಆ ದ್ವೀಪಕ್ಕೆ ಕಾಲಿಟ್ಟಾಗ ಮೂವರು ದೇವಿಯರು ಎದುರಾಗುತ್ತಾರೆ: ಬನ್ಬ, ಫೋದ್ಲ, ಏರಿಯು. ನೆಲಕ್ಕೆ ನನ್ನ ಹೆಸರು ಉಳಿಯಬೇಕು ಎಂದು ಮೂವರೂ ಕೇಳಿಕೊಳ್ಳುತ್ತಾರೆ. ಹೊಸಬರ ಕವಿ ಅಮರ್ಗಿನ್ ಮಾತು ಕೊಡುತ್ತಾನೆ. ಬನ್ಬ, ಫೋದ್ಲ ಎರಡೂ ಕಾವ್ಯದಲ್ಲಿ ಉಳಿದವು, ಏರಿಯು ದೇಶದ ಹೆಸರಾಯಿತು. ಭಾಷಾವಿಜ್ಞಾನಿಗಳು ಈ ಪದವನ್ನು ನಮ್ಮ ಸಂಸ್ಕೃತದ 'ಪೀವರೀ' ಜೊತೆ ಇಟ್ಟು ನೋಡುತ್ತಾರೆ. ಪೀವರೀ ಎಂದರೆ ಮೈತುಂಬಿದವಳು, ಸಮೃದ್ಧಿಯುಳ್ಳವಳು. ಕೆಲ್ಟಿಕ್ ಭಾಷೆಗಳಲ್ಲಿ ಪದದ ಮೊದಲಿನ ಪಕಾರ ಬಿದ್ದುಹೋಗುತ್ತದೆ. ನಮ್ಮ 'ಪಿತೃ' ಅಲ್ಲಿ 'ಅಹಿರ್' ಆಗಿದೆ. ಪೀವರಿಯ ಪಕಾರ ಬಿದ್ದರೆ ಏರಿಯು ಎಲ್ಲಿಂದ ಬಂದಳೆಂದು ತಿಳಿಯುತ್ತದೆ. ಶ್ಯಾನನ್, ಬಾಯ್ನ್ ಎಂಬ ಅಲ್ಲಿನ ಎರಡು ದೊಡ್ಡ ನದಿಗಳ ಹೆಸರೂ ಶಿನನ್ ಮತ್ತು ಬೋಅನ್ ಎಂಬ ಇಬ್ಬರು ಹೆಣ್ಣುಗಳವೇ. ಜ್ಞಾನದ ಬಾವಿಯನ್ನು ಹುಡುಕಿಕೊಂಡು ಹೋದ ಆ ಇಬ್ಬರನ್ನೂ ಬಾವಿ ಉಕ್ಕಿ ಕೊಚ್ಚಿಕೊಂಡು ಹೋಯಿತು, ಆ ನೀರೇ ನದಿಯಾಯಿತು ಎಂಬುದು ಕಥೆ. ಕಾವೇರಿಯ ಕಥೆ ಕೇಳಿ ಬೆಳೆದ ನಮಗೆ ಇದು ಪರಕೀಯ ಅನ್ನಿಸುವುದಿಲ್ಲ.

ಈಗ ಬ್ರಿಜಿಡ್ ಎಂಬ ಹೆಸರಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಐರ್ಲೆಂಡಿನ ಹೆಣ್ಣಿನ ಚರಿತ್ರೆಯೆಲ್ಲ ಈ ಒಂದು ಹೆಸರಿನಲ್ಲಿ ಮಡಿಚಿಕೊಂಡಿದೆ. ಇಂದಿನ ಐರಿಷ್‌ನಲ್ಲಿ ಇದು 'ಬ್ರೀಡ್'. ಸುಮಾರು ಕ್ರಿ.ಶ. 900ರ 'ಕೊರ್ಮಾಕನ ನಿಘಂಟು' ಬ್ರಿಜಿಡ್ ದೇವಿಯನ್ನು ದಗ್ದ ಎಂಬ ದೇವನ ಮಗಳು, ಕವಿಗಳು ಪೂಜಿಸುವವಳು ಎನ್ನುತ್ತದೆ. ಅದೇ ಹೆಸರಿನ ಇಬ್ಬರು ಅಕ್ಕತಂಗಿಯರು ಅವಳಿಗಿದ್ದರು. ಒಬ್ಬಳು ವೈದ್ಯಕ್ಕೆ, ಇನ್ನೊಬ್ಬಳು ಕಮ್ಮಾರಿಕೆಗೆ ಒಡತಿ. ಪದದ ಮೂಲ 'ಬ್ರಿಗಂತೀ', ಅಂದರೆ ಎತ್ತರದವಳು. ಸಂಸ್ಕೃತದ 'ಬೃಹತೀ' ಇದರ ಒಡಹುಟ್ಟು. ಋಗ್ವೇದದಲ್ಲಿ ಬೃಹತೀ ಎಂಬುದು ಒಂದು ಛಂದಸ್ಸಿನ ಹೆಸರೂ ಹೌದು. ಕವಿಗಳ ದೇವಿಗೂ ವೇದದ ಛಂದಸ್ಸಿಗೂ ಒಂದೇ ಬೇರಿನ ಹೆಸರು ಎಂದು ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಕ್ರೈಸ್ತ ಧರ್ಮ ಬಂದ ಮೇಲೆ ಇದೇ ಹೆಸರಿನ ಸಂತಳೊಬ್ಬಳು ಕಿಲ್ಡೇರ್‌ನಲ್ಲಿ ಮಠ ಕಟ್ಟಿದಳು. ಕಿಲ್ಡೇರ್ ಎಂದರೆ ಓಕ್ ಮರದ ಇಗರ್ಜಿ. ಐದನೆಯ ಶತಮಾನದ ಕೊನೆ, ಆರನೆಯದರ ಮೊದಲು ಅವಳ ಕಾಲ ಎನ್ನುತ್ತದೆ ಪರಂಪರೆ. ತಂದೆ ಒಬ್ಬ ಪಾಳೆಯಗಾರ, ತಾಯಿ ಅವನ ಮನೆಯ ದಾಸಿ. ಅಪ್ಪನ ರತ್ನಖಚಿತ ಕತ್ತಿಯನ್ನೇ ಕುಷ್ಠರೋಗಿಯೊಬ್ಬನಿಗೆ ದಾನ ಕೊಟ್ಟುಬಿಟ್ಟ ಮಗಳು ಇವಳು. ಮಠಕ್ಕೆ ಜಾಗ ಕೇಳಿದಾಗ ಅರಸ ಕೊಡಲೊಲ್ಲ. ನನ್ನ ಮೇಲುವಸ್ತ್ರ ಮುಚ್ಚುವಷ್ಟು ನೆಲ ಕೊಡು ಎಂದಳಂತೆ. ಹಾಸಿದ ಬಟ್ಟೆ ಹಿಗ್ಗುತ್ತ ಬಯಲನ್ನೆಲ್ಲ ಆವರಿಸಿತು ಎಂಬ ಕಥೆಯನ್ನು ಇಂದಿಗೂ ಹೇಳುತ್ತಾರೆ. 12ನೇ ಶತಮಾನದಲ್ಲಿ ವೇಲ್ಸಿನ ಜೆರಾಲ್ಡ್ ಎಂಬ ಪಾದ್ರಿ ಕಿಲ್ಡೇರ್‌ನಲ್ಲಿ ಆರದ ಬೆಂಕಿಯೊಂದು ಉರಿಯುತ್ತಿದೆ ಎಂದು ಬರೆದಿಟ್ಟಿದ್ದಾನೆ. ಹತ್ತೊಂಬತ್ತು ಸನ್ಯಾಸಿನಿಯರು ಸರದಿಯಂತೆ ರಾತ್ರಿ ಕಾಯುತ್ತಾರೆ, ಇಪ್ಪತ್ತನೆಯ ರಾತ್ರಿ ಬ್ರಿಜಿಡಳ ಪಾಲಿಗೆ, ಗಂಡಸರಿಗೆ ಆ ಬೇಲಿಯೊಳಗೆ ಪ್ರವೇಶವಿಲ್ಲ ಎಂಬುದು ಅವನ ವಿವರಣೆ. ಫೆಬ್ರವರಿ 1 ಅವಳ ಹಬ್ಬ, ವಸಂತದ ಮೊದಲ ದಿನವೂ ಹೌದು. ಅದರ ಮುನ್ನಾದಿನ ಜೊಂಡುಹುಲ್ಲನ್ನು ಕೊಯ್ದು ತಂದು, ಒಂದು ಎಸಳನ್ನು ಇನ್ನೊಂದರ ಮೇಲೆ ಮಡಿಚುತ್ತ, ತಿರುಗಿಸುತ್ತ, ನಾಲ್ಕು ಕೈಗಳ ಶಿಲುಬೆ ಹೆಣೆದು ಬಾಗಿಲ ಮೇಲೆ ಸಿಕ್ಕಿಸುತ್ತಾರೆ. ಬಟ್ಟೆಯ ತುಂಡೊಂದನ್ನು ಹೊರಗೆ ಹರವಿ ಬೆಳಗ್ಗೆ ಒಳಗೆ ತರುತ್ತಾರೆ. ರಾತ್ರಿ ಬ್ರಿಜಿಡ್ ಹಾದುಹೋಗುವಾಗ ಮುಟ್ಟಿದ್ದಾಳೆ, ತಲೆನೋವಿಗೆ ಕಟ್ಟಿಕೊಂಡರೆ ವಾಸಿಯಾಗುತ್ತದೆ ಎಂಬ ನಂಬಿಕೆ.

ಇಷ್ಟು ಪೂಜ್ಯವಾದ ಹೆಸರನ್ನು ಹಿಂದಿನವರು ಮಕ್ಕಳಿಗೆ ನೇರವಾಗಿ ಇಡಲು ಅಂಜುತ್ತಿದ್ದರು. 'ಗಿಲ್ಲ ಬ್ರೀಡ', ಅಂದರೆ ಬ್ರಿಜಿಡಳ ಸೇವಕ ಎಂದು ಇಡುತ್ತಿದ್ದರು. ಮೇರಿ ಮಾತೆಗೆ 'ಮುಯಿರ' ಎಂಬ ರೂಪವನ್ನು ಮೀಸಲಿಟ್ಟು, ಮನೆಯ ಹುಡುಗಿಗೆ 'ಮಾರ್ಯ' ಎಂದು ಬೇರೆ ರೂಪ ಮಾಡಿಕೊಂಡರು. ಆ ಭೇದ ಐರಿಷ್‌ನಲ್ಲಿ ಇಂದಿಗೂ ಉಳಿದಿದೆ. ಆಮೇಲಿನ ಶತಮಾನಗಳಲ್ಲಿ ಅಂಜಿಕೆ ಕಳೆದು ಬ್ರಿಜೆಟ್ ಎಂಬುದು ಮನೆಮನೆಯ ಹೆಸರಾಯಿತು. 1845ರಿಂದ 1852ರವರೆಗಿನ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಹಾಗೆ ಅಮೆರಿಕಕ್ಕೆ ಹೋದ ಹುಡುಗಿಯರು ಶ್ರೀಮಂತರ ಮನೆಗಳಲ್ಲಿ ಅಡುಗೆ, ಕಸಮುಸುರೆಗೆ ಸೇರಿದರು. ಒಡತಿಯರು ಅವರ ನಿಜನಾಮ ಕೇಳುವ ಗೋಜಿಗೆ ಹೋಗದೆ ಎಲ್ಲರನ್ನೂ 'ಬ್ರಿಜೆಟ್', 'ಬಿಡ್ಡಿ' ಎಂದೇ ಕೂಗತೊಡಗಿದರು. ಕವಿಗಳ ದೇವಿಯ ಹೆಸರು ಕೆಲಸದವಳನ್ನು ಹಂಗಿಸುವ ಮಾತಾಯಿತು. ಎಷ್ಟೋ ತಾಯಂದಿರು ತಮ್ಮ ಮಕ್ಕಳಿಗೆ ಆ ಹೆಸರನ್ನು ಇಡಲೇ ಇಲ್ಲ. 2023ರಲ್ಲಿ ಐರ್ಲೆಂಡ್ ಸರ್ಕಾರ ಬ್ರಿಜಿಡಳ ಹಬ್ಬಕ್ಕೆ ಸಾರ್ವಜನಿಕ ರಜೆ ಕೊಟ್ಟಿತು. ಹೆಣ್ಣೊಬ್ಬಳ ಹೆಸರಿನಲ್ಲಿ ಆ ದೇಶದಲ್ಲಿ ಘೋಷಣೆಯಾದ ಮೊದಲ ರಜಾದಿನ ಅದು.

ಎರಡನೆಯ ಹೆಸರು ಮೇವ್. ಹಳೆಯ ರೂಪ 'ಮೆದ್ವ್'. ಜೇನಿನಿಂದ ಮಾಡಿದ ಮದ್ಯಕ್ಕೆ ಹಳೆಯ ಐರಿಷ್‌ನಲ್ಲಿ 'ಮಿದ್' ಎಂಬ ಪದವಿತ್ತು. ನಮ್ಮ 'ಮಧು'ವೇ ಅದು. ಮೇವ್ ಎಂದರೆ ಮತ್ತೇರಿಸುವವಳು. ಕಾನಕ್ಟ್ ಸೀಮೆಯ ರಾಣಿ ಇವಳು. ಇಂದಿನ ರಾಸ್‌ಕಾಮನ್ ಜಿಲ್ಲೆಯ ರಾಥ್‌ಕ್ರೋಹನ್ ಅವಳ ರಾಜಧಾನಿ. 'ತಾಯಿನ್ ಬೋ ಕೂಲ್ನ್ಯ' ಎಂಬ ಮಹಾಕಥೆ ಶುರುವಾಗುವುದೇ ಹಾಸಿಗೆಯ ಮೇಲೆ ಅವಳಿಗೂ ಗಂಡ ಅಲಿಲ್‌ಗೂ ನಡೆದ ವಾದದಿಂದ: ಯಾರ ಆಸ್ತಿ ಹೆಚ್ಚು? ಪಾತ್ರೆಪಗಡ, ಉಂಗುರ, ಕುರಿ, ಕುದುರೆ, ಹಂದಿ ಎಲ್ಲವನ್ನೂ ಹೊರಗೆ ತರಿಸಿ ಎಣಿಸುತ್ತಾರೆ. ಸರಿಸಮ. ಆದರೆ ಗಂಡನ ಹತ್ತಿರ ಬಿಳಿಕೋಡಿನ ಹೋರಿ ಒಂದು ಹೆಚ್ಚು. ಅದಕ್ಕೆ ಸಾಟಿಯಾದ ಹೋರಿಗಾಗಿ ಮೇವ್ ದಂಡು ಕಟ್ಟಿಕೊಂಡು ಹೊರಡುತ್ತಾಳೆ. ಗಂಡನಾಗುವವನಲ್ಲಿ ಜಿಪುಣತನ ಇರಬಾರದು, ಹೊಟ್ಟೆಕಿಚ್ಚು ಇರಬಾರದು, ಭಯ ಇರಬಾರದು ಎಂಬುದು ಅವಳು ಹಾಕಿದ ಕರಾರು.

ಫ್ರಾನ್ಸಿನ ವಿದ್ವಾಂಸ ಜಾರ್ಜ್ ದ್ಯುಮೆಜಿಲ್ 1971ರಲ್ಲಿ ಈ ಮೇವಳನ್ನು ನಮ್ಮ ಮಹಾಭಾರತದ ಮಾಧವಿಯ ಪಕ್ಕದಲ್ಲಿ ನಿಲ್ಲಿಸಿದರು. ಉದ್ಯೋಗಪರ್ವದಲ್ಲಿ ಬರುವ ಯಯಾತಿಯ ಮಗಳು. ಗಾಲವನ ಗುರುದಕ್ಷಿಣೆಗೆ ಒಂದೇ ಕಿವಿ ಕಪ್ಪಾದ ಎಂಟುನೂರು ಬಿಳಿ ಕುದುರೆ ಬೇಕು. ಅದಕ್ಕಾಗಿ ಮಾಧವಿ ಒಬ್ಬ ಅರಸನಿಂದ ಇನ್ನೊಬ್ಬನಿಗೆ, ಕೊನೆಗೆ ವಿಶ್ವಾಮಿತ್ರನಿಗೆ ದಾಟುತ್ತ ಹೋಗುತ್ತಾಳೆ. ಅನುಪಮಾ ನಿರಂಜನರ 'ಮಾಧವಿ' ಓದಿದವರಿಗೆ ಆ ನೋವು ಗೊತ್ತು. ಇಬ್ಬರ ಹೆಸರೂ ಮಧುವಿನದು, ಇಬ್ಬರ ಬಾಳಿನಲ್ಲೂ ಹಲವು ಅರಸರು, ಇಬ್ಬರೂ ಚಕ್ರವರ್ತಿಗಳ ಮಕ್ಕಳು. ರಾಜತ್ವ ಹೆಣ್ಣಿನ ಮೂಲಕ ದಾಟುತ್ತದೆ ಎಂಬ ಒಂದೇ ಹಳೆಯ ಕಲ್ಪನೆಯ ಎರಡು ಕವಲುಗಳಿವು ಎಂಬುದು ದ್ಯುಮೆಜಿಲ್ ವಾದ. ಆ ಹೋಲಿಕೆ ನನಗೆ ಒಪ್ಪಿಗೆ. ಆದರೆ ವ್ಯತ್ಯಾಸವನ್ನು ಹೋಲಿಕೆಗಿಂತ ದೊಡ್ಡದೆಂದು ಎಣಿಸುತ್ತೇನೆ: ಮೇವ್ ಕರಾರು ಹಾಕಿದಳು, ಮಾಧವಿಯನ್ನು ಕರಾರಿಗೆ ಹಾಕಿದರು.

ಇನ್ನೊಂದು ಹೆಸರನ್ನು ಇಲ್ಲೇ ಹೇಳಿಬಿಡುತ್ತೇನೆ: ಸೈವ್. ಜಿಂಕೆಯಾಗಿ ಶಾಪಗ್ರಸ್ತಳಾದ, ಓಶೀನ್ ಎಂಬ ಕವಿವೀರನನ್ನು ಹೆತ್ತ ಹೆಣ್ಣು. ಅದರ ಬೇರು ನಮ್ಮ 'ಸ್ವಾದು' ಎಂಬ ಪದದ್ದೇ. ಸೈವ್ ಎಂದರೆ ಸವಿಯಾದವಳು. ಹಾಗೆಂದು ಕಿವಿಯನ್ನೇ ನಂಬಿದರೆ ಮೋಸಹೋಗುತ್ತೇವೆ. ಅಲ್ಲಿನ ಶೀಲಾ ನಮ್ಮ ಶೀಲಾ ಅಲ್ಲ. ಅದು ಲ್ಯಾಟಿನ್ನಿನ ಸಿಸಿಲಿಯ ಎಂಬುದರ ಐರಿಷ್ ರೂಪ. ಅಲ್ಲಿನ ತಾರಾ ನಕ್ಷತ್ರವಲ್ಲ, ಹಳೆಯ ಅರಸರ ಗುಡ್ಡದ ಹೆಸರು. ಶಿವಾನ್ ಎಂಬವಳಿಗೂ ಶಿವಾನಿಗೂ ನಂಟಿಲ್ಲ.

ಶಿವಾನ್ ಎಲ್ಲಿಂದ ಬಂದಳು ಎಂಬುದು ಚಿಕ್ಕ ಕಥೆ. 1169ರಲ್ಲಿ ನಾರ್ಮನ್ನರು ಐರ್ಲೆಂಡಿಗೆ ನುಗ್ಗಿದರು. ಜೊತೆಗೆ ತಮ್ಮ ಹೆಣ್ಣುಗಳ ಫ್ರೆಂಚ್ ಹೆಸರುಗಳನ್ನೂ ತಂದರು. ಐರಿಷ್‌ನಲ್ಲಿ ಜಕಾರವಿಲ್ಲ, ಅದು ಶಕಾರವಾಯಿತು. ಜೆಹಾನ್ ಎಂಬವಳು ಶಿವಾನ್ ಆದಳು, ಜೆಹಾನೆಟ್ ಎಂಬವಳು ಶಿನೇಡ್ ಆದಳು. ಕ್ಯಾತರೀನ್ ಕಾಟ್ಲೀನ್ ಆದಳು. ಇಂದು ಐರಿಷ್ ಎಂದರೆ ಜಗತ್ತಿಗೆ ನೆನಪಾಗುವ ಹೆಸರುಗಳಲ್ಲಿ ಅರ್ಧ ಹೀಗೆ ಬಂದು ಒಗ್ಗಿಕೊಂಡವು. ಪರಭಾಷೆಯ ಪದಗಳನ್ನು ತನ್ನ ನಾಲಗೆಗೆ ಒಗ್ಗಿಸಿಕೊಳ್ಳುವ ಕಸುವು ಆಗ ಐರಿಷ್‌ಗೆ ಇತ್ತು.

ಬರವಣಿಗೆಯ ಬಗ್ಗೆ ಒಂದು ಮಾತು, ಏಕೆಂದರೆ ಈ ಹೆಸರುಗಳನ್ನು ಕಂಡ ಕೂಡಲೇ ಎಲ್ಲರೂ ಕಂಗಾಲಾಗುತ್ತಾರೆ. ಸೈವ್ ಎಂಬುದನ್ನು ಎಸ್, ಎ, ಡಿ, ಎಚ್, ಬಿ, ಎಚ್ ಎಂದು ಬರೆಯುತ್ತಾರೆ. ಇಲ್ಲಿ ಎಚ್ ಎಂಬುದು ಹಕಾರವಲ್ಲ, ಹಿಂದಿನ ವ್ಯಂಜನ ಮೆತ್ತಗಾಗಿದೆ ಎಂಬ ಗುರುತು. ಹಳೆಯ ಐರಿಷ್ ಅಚ್ಚಿನಲ್ಲಿ ಅಕ್ಷರದ ನೆತ್ತಿಯ ಮೇಲೆ ಒಂದು ಚುಕ್ಕೆ ಇಡುತ್ತಿದ್ದರು. ರೋಮನ್ ಅಚ್ಚಿಗೆ ಬಂದಾಗ ಚುಕ್ಕೆಯ ಜಾಗಕ್ಕೆ ಎಚ್ ಬಂತು. ಬಕಾರ, ಮಕಾರಗಳು ಮೆತ್ತಗಾದರೆ ವಕಾರ. ಕನ್ನಡ ವಿದ್ಯಾರ್ಥಿಗಳು ಇದಕ್ಕೆ ಅಂಜಬೇಕಿಲ್ಲ, ಇದು ನಮ್ಮ ಆದೇಶ ಸಂಧಿ. ಮೆಲ್ ಮತ್ತು ಮಾತು ಸೇರಿ ಮೆಲ್ವಾತು ಆಗುತ್ತದೆ; ಬೆಮರ್ ಮತ್ತು ಪನಿ ಸೇರಿ ಬೆಮರ್ವನಿ ಆಗುತ್ತದೆ. ಐರಿಷ್ ತಾಯಿ ಮಗಳನ್ನು ಕೂಗುವಾಗ ಇದೇ ಆಗುತ್ತದೆ. ಮಗಳ ಹೆಸರು ಮಾರ್ಯ, ಕೂಗುವಾಗ 'ಅ ವಾರ್ಯ'. ಹೆಸರು ಬ್ರೀಡ್, ಕೂಗುವಾಗ 'ಅ ವ್ರೀಡ್'. ಶಿವಾನ್ ಇದ್ದವಳು 'ಅ ಹಿವಾನ್'. ನಾವು ಕೂಗುವಾಗ ಹೆಸರಿನ ಕೊನೆಯನ್ನು ಎಳೆಯುತ್ತೇವೆ, ಅವರು ಮೊದಲನ್ನು ಸಡಿಲಿಸುತ್ತಾರೆ. ಹೆಸರು ಭಾಷೆಯ ವ್ಯಾಕರಣದೊಳಗೆ ಉಸಿರಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ಉಸಿರನ್ನು ಹಿಡಿದವರು ಯಾರು? 1831ರಲ್ಲಿ ಬ್ರಿಟಿಷ್ ಆಡಳಿತ ದೇಶದಾದ್ಯಂತ ಪ್ರಾಥಮಿಕ ಶಾಲೆಗಳನ್ನು ತೆರೆಯಿತು, ಪಾಠವೆಲ್ಲ ಇಂಗ್ಲಿಷಿನಲ್ಲಿ. ಮಗುವಿನ ಕೊರಳಿಗೆ ಕೋಲೊಂದನ್ನು ಕಟ್ಟಿ, ಐರಿಷ್ ಮಾತಾಡಿದಾಗಲೆಲ್ಲ ಗೀಟು ಕೊರೆದು, ಗೀಟು ಎಣಿಸಿ ಹೊಡೆಯುವ ಪದ್ಧತಿ ಹಲವೆಡೆ ಇತ್ತು. ಬರಗಾಲ ಹೆಚ್ಚು ಬಡಿದದ್ದು ಐರಿಷ್ ಮಾತಾಡುವ ಪಶ್ಚಿಮದ ಹಳ್ಳಿಗಳನ್ನೇ. 1864ರಿಂದ ಎಲ್ಲರ ಜನನ ನೋಂದಣಿ ಕಡ್ಡಾಯವಾಯಿತು. ಗುಮಾಸ್ತ ಬರೆದುಕೊಳ್ಳುತ್ತಿದ್ದುದು ಇಂಗ್ಲಿಷಿನಲ್ಲಿ. ಮನೆಯಲ್ಲಿ ಸೈವ್, ಕಾಗದದಲ್ಲಿ ಸ್ಯಾಲಿ. ಮನೆಯಲ್ಲಿ ಗ್ರಾನ್ಯ, ಕಾಗದದಲ್ಲಿ ಗ್ರೇಸ್. 1593ರಲ್ಲಿ ಗ್ರೀನಿಚ್ ಅರಮನೆಗೆ ಹೋಗಿ ಎಲಿಜಬೆತ್ ರಾಣಿಯನ್ನೇ ಎದುರಿಸಿ ಮಾತಾಡಿದ ಮೇಯೋ ಕಡಲಿನ ನಾಯಕಿ ಗ್ರಾನ್ಯ ನೀ ವಾಲ್ಯ ಕೂಡ ಇಂಗ್ಲಿಷ್ ಪುಸ್ತಕಗಳಲ್ಲಿ ಗ್ರೇಸ್ ಓಮ್ಯಾಲಿ. ಗ್ರಾನ್ಯಕ್ಕೂ ಗ್ರೇಸ್‌ಗೂ ಗಕಾರ ಬಿಟ್ಟರೆ ಇನ್ನೇನೂ ಸಂಬಂಧವಿಲ್ಲ. ಜೇನುಹುಳುಗಳನ್ನು ಸಾಕಿದ ಸಂತ ಗಬ್ನಿತ್ ಕಾರ್ಕ್ ಸೀಮೆಯ ಬಾಲಿವೂರ್ನಿಯ ಒಡತಿ. ಅವಳ ಹೆಸರು ಹೊತ್ತ ಹುಡುಗಿಯರನ್ನು ಡೆಬೊರಾ ಎಂದು ಬರೆದರು. ಹೀಬ್ರೂ ಭಾಷೆಯಲ್ಲಿ ಡೆಬೊರಾ ಎಂದರೆ ಜೇನುಹುಳು. ಆದರೆ ಗಬ್ನಿತ್ ಎಂಬ ಪದದ ಬೇರು ಕಮ್ಮಾರ ಎಂಬುದು.

1893ರಲ್ಲಿ ಡಗ್ಲಸ್ ಹೈಡ್ ಮತ್ತಿತರರು ಗೇಲಿಕ್ ಲೀಗ್ ಕಟ್ಟಿದರು. ಊರೂರಿನಲ್ಲಿ ಐರಿಷ್ ಕಲಿಸುವ ಸಂಜೆ ತರಗತಿಗಳು ಶುರುವಾದವು. 1905ರಲ್ಲಿ ಡಾನೆಗಾಲ್‌ನ ನೀಲ್ ಮ್ಯಾಕ್ ಗಿಲ್ಲ ಬ್ರೀಡ ಎಂಬ ಕವಿ ತನ್ನ ಕತ್ತೆಗಾಡಿಯ ಮೇಲೆ ಹೆಸರನ್ನು ಐರಿಷ್ ಅಕ್ಷರದಲ್ಲಿ ಬರೆಸಿದ್ದಕ್ಕೆ ದಂಡ ಬಿತ್ತು. ಓದಲಾಗದ ಬರಹ ಎಂಬುದು ಆರೋಪ. ಅವನ ಪರವಾಗಿ ಡಬ್ಲಿನ್ ನ್ಯಾಯಾಲಯದಲ್ಲಿ ವಾದಿಸಿದವರು ಪ್ಯಾಟ್ರಿಕ್ ಪಿಯರ್ಸ್. ಮುಂದೆ 1916ರ ದಂಗೆಯ ಮುಂದಾಳಾಗಿ ಗುಂಡೇಟಿಗೆ ಬಲಿಯಾದವರು. ಮೊಕದ್ದಮೆ ಸೋತಿತು. ಆ ಗಾಡಿಯ ಮೇಲಿದ್ದ ಮನೆತನದ ಹೆಸರಿನ ಅರ್ಥವನ್ನು ಗಮನಿಸಿ: ಬ್ರಿಜಿಡಳ ಸೇವಕನ ಮಗ.

ಹೆಂಗಸರು ನ್ಯಾಯಾಲಯದ ದಾರಿ ನೋಡಲಿಲ್ಲ. ಮಾಡ್ ಗಾನ್ 1900ರಲ್ಲಿ ಕಟ್ಟಿದ 'ಇಂಗೀನಿ ನ ಹೇರನ್', ಅಂದರೆ ಐರ್ಲೆಂಡಿನ ಹೆಣ್ಣುಮಕ್ಕಳು ಎಂಬ ಸಂಘಕ್ಕೆ ಸೇರಿದವರು ತಮಗೊಂದು ಐರಿಷ್ ಹೆಸರು ಇಟ್ಟುಕೊಳ್ಳುತ್ತಿದ್ದರು. 1878ರಲ್ಲಿ ಬಾಲ್‌ಬ್ರಿಗನ್‌ನಲ್ಲಿ ಹುಟ್ಟಿದ ಜೇನ್ ಫ್ಲ್ಯಾನಗನ್ ಎಂಬ ಶಾಲಾ ಶಿಕ್ಷಕಿ ಐರಿಷ್ ಕಲಿತು ಶಿನೇಡ್ ನೀ ಲಾನಗಾನ್ ಆದಳು. 'ನೀ' ಎಂದರೆ ಮನೆತನದ ಮಗಳು. ಫಕಾರ ಬಿದ್ದುಹೋದದ್ದು ಅದೇ ಮೆತ್ತಗಾಗುವ ಸಂಧಿಯಿಂದ. ಸಂಜೆ ತರಗತಿಯಲ್ಲಿ ಅವಳ ಹತ್ತಿರ ಐರಿಷ್ ಕಲಿಯಲು ಬಂದ ಗಣಿತದ ಮೇಷ್ಟ್ರೊಬ್ಬರು 1910ರಲ್ಲಿ ಅವಳನ್ನೇ ಮದುವೆಯಾದರು. ಅವರು ಏಮನ್ ಡಿ ವಲೇರಾ. ಮುಂದೆ ಪ್ರಧಾನಿ, ಆಮೇಲೆ ರಾಷ್ಟ್ರಪತಿ.

ಅದೇ ಕಾಲದಲ್ಲಿ ಹಳೆಯ ಕಥೆಯೊಂದರ ಡೀರ್ಡ್ರ ಮರಳಿ ಬಂದಳು. ತಾಯಿಯ ಹೊಟ್ಟೆಯೊಳಗಿಂದಲೇ ಚೀರಿದ ಮಗು. ಇವಳಿಂದ ಅಲ್ಸ್ಟರ್ ಹಾಳಾಗುತ್ತದೆ ಎಂದು ಕಾಹ್ವದ್ ಎಂಬ ಪುರೋಹಿತ ನುಡಿದ. ಕೊಂದುಬಿಡಿ ಎಂದರು ಯೋಧರು. ಬೆಳೆಸಿ ನಾನೇ ಮದುವೆಯಾಗುತ್ತೇನೆ ಎಂದ ಮುದಿ ಅರಸ. ಅವಳು ತಾನೇ ಆರಿಸಿಕೊಂಡ ನೀಶನ ಜೊತೆ ಸ್ಕಾಟ್ಲೆಂಡಿಗೆ ಓಡಿಹೋದಳು, ವಚನ ನಂಬಿ ಮರಳಿದಾಗ ಅವನನ್ನು ಕೊಂದರು. ಅವಳ ಕುರಿತ ಯೇಟ್ಸ್ ಅವರ ನಾಟಕ 1906ರಲ್ಲಿ, ಸಿಂಜ್ ಅವರದು ಅವರ ಸಾವಿನ ಮರುವರ್ಷ 1910ರಲ್ಲಿ ರಂಗಕ್ಕೆ ಬಂತು. ಆಮೇಲೆ ತಾಯಂದಿರು ಈ ಹೆಸರನ್ನು ಇಡತೊಡಗಿದರು. ಪಟ್ಟಿಗಳು ಡೀರ್ಡ್ರ ಎಂದರೆ ದುಃಖ ಎನ್ನುತ್ತವೆ. ಪದಕ್ಕೆ ಆ ಅರ್ಥವಿಲ್ಲ, ಕಥೆ ಅದನ್ನು ಹಚ್ಚಿತು. ಹೆಸರಿಟ್ಟ ತಾಯಂದಿರು ದುಃಖಕ್ಕಾಗಿ ಇಟ್ಟರೆಂದು ನಾನು ನಂಬಲಾರೆ. ಒಪ್ಪದ ಗಂಡನನ್ನು ಒಲ್ಲೆ ಎಂದವಳು ಎಂದೇ ಇಟ್ಟಿರಬೇಕು.

ಆ ಡಬ್ಲಿನ್ ಬಳಗದಲ್ಲೇ ಬೆಳೆದ ಕವಿ ಜೇಮ್ಸ್ ಕಸಿನ್ಸ್ 1920ರ ದಶಕದಲ್ಲಿ ಮೈಸೂರಿಗೆ ಬಂದಿದ್ದಾಗ ಯುವಕ ಪುಟ್ಟಪ್ಪನವರ ಇಂಗ್ಲಿಷ್ ಕವಿತೆಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದದ್ದು ಕನ್ನಡಿಗರೆಲ್ಲ ಬಲ್ಲ ಸಂಗತಿ. ಆ ಬುದ್ಧಿಮಾತಿನ ಹಿಂದೆ ಒಂದು ದೇಶ ಭಾಷೆ ಕಳೆದುಕೊಂಡ ಸಂಕಟವಿತ್ತು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅವರ ಪತ್ನಿ ಮಾರ್ಗರೆಟ್ ಹುಟ್ಟಿದ್ದು ಮೇವ್ ರಾಣಿಯ ರಾಸ್‌ಕಾಮನ್‌ನಲ್ಲಿ. 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದ್ದು ಆಕೆಯ ಮುಂದಾಳುತನದಿಂದ.

ಐರ್ಲೆಂಡ್ ಸ್ವತಂತ್ರವಾದ ಮೇಲೆ ಹಿಂದೆಂದೂ ಇಲ್ಲದ ಹೆಸರುಗಳೂ ಹುಟ್ಟಿದವು. ಸೀರ್ಶ ಎಂದರೆ ಸ್ವಾತಂತ್ರ್ಯ. ಆಶ್ಲಿಂಗ್ ಎಂದರೆ ಕನಸು. 18ನೇ ಶತಮಾನದ ಕವಿಗಳು ದೇಶವನ್ನು ನೊಂದ ಹೆಣ್ಣಾಗಿ ಕನಸಿನಲ್ಲಿ ಕಂಡು 'ಆಶ್ಲಿಂಗ್' ಎಂಬ ಪ್ರಕಾರವನ್ನೇ ಬೆಳೆಸಿದ್ದರು. 2021ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು ಫೀಯ. ಕಾಡಿನದು, ಪಳಗದ್ದು ಎಂಬ ಭಾವದ ಐರಿಷ್ ಪದ ಅದು. 2022ರ ಜನಗಣತಿಯ ಪ್ರಕಾರ ಶಾಲೆಯ ಹೊರಗೆ ದಿನನಿತ್ಯ ಐರಿಷ್ ಮಾತಾಡುವವರು ಸುಮಾರು 72 ಸಾವಿರ ಮಾತ್ರ. ಹೆಸರು ಗೆದ್ದಷ್ಟು ಭಾಷೆ ಗೆದ್ದಿಲ್ಲ ಎಂಬುದನ್ನೂ ಹೇಳಬೇಕು.

ಕೊನೆಗೆ, ನಮ್ಮ ನಾಡಿನ ಒಂದು ಹೆಸರು. 2012ರ ಅಕ್ಟೋಬರ್ 28ರಂದು ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ ಗಾಲ್ವೇ ನಗರದಲ್ಲಿ ತೀರಿಕೊಂಡರು. ವಯಸ್ಸು 31. ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೂ ಕಾನೂನಿನ ಕಾರಣಕ್ಕೆ ಗರ್ಭಪಾತ ಮಾಡಲಿಲ್ಲ, ಸೋಂಕು ರಕ್ತಕ್ಕೆ ಏರಿತು. ಅವರ ಹೆಸರನ್ನು ಬರೆದ ಫಲಕಗಳನ್ನು ಹಿಡಿದು ಸಾವಿರಾರು ಐರಿಷ್ ಹೆಂಗಸರು ಬೀದಿಗೆ ಬಂದರು. 2018ರ ಮೇ 25ರ ಜನಮತಗಣನೆಯಲ್ಲಿ ಶೇ. 66.4ರಷ್ಟು ಜನ ಆ ಕಾನೂನಿನ ಬೇರಾಗಿದ್ದ ಸಂವಿಧಾನ ತಿದ್ದುಪಡಿಯನ್ನು ಕಿತ್ತುಹಾಕಿದರು. ನಮ್ಮ ಮಗಳ ಹೆಸರನ್ನು ಅವರು ತಪ್ಪಿಲ್ಲದೆ ಹೇಳಲು ಕಲಿತರು.

ಆದ್ದರಿಂದ ನಮ್ಮ ಅನುವಾದಕರಲ್ಲಿ, ಪತ್ರಿಕೆಗಳಲ್ಲಿ ಕೆಲಸ ಮಾಡುವವರಲ್ಲಿ, ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹ ಇಷ್ಟು. ಐರಿಷ್ ಹೆಸರೊಂದು ಎದುರಾದಾಗ ಇಂಗ್ಲಿಷ್ ಕಾಗುಣಿತ ನೋಡಿ 'ಸಿಯೋಬಾನ್', 'ಸಾದ್ಬ್' ಎಂದು ಬರೆದುಬಿಡಬೇಡಿ. ಆ ಹೆಸರಿನವರು ತಮ್ಮನ್ನು ಹೇಗೆ ಕರೆದುಕೊಳ್ಳುತ್ತಾರೆ ಎಂದು ವಿಚಾರಿಸಿ, ಹಾಗೇ ಬರೆಯಿರಿ. ಶಿವಾನ್, ಸೈವ್, ನೀವ್, ಸೀರ್ಶ: ಎಲ್ಲವನ್ನೂ ಬರೆಯುವ ಅಕ್ಷರ ಕನ್ನಡದಲ್ಲಿದೆ.